ಕರ್ಪೂರದ ಮುಂದೆ

ಮಾಗಿಯ ಬೆಳಗು, ಅಂಚೆಟ್ಟಿ ಬೆಟ್ಟದ ಮಂಜು ಇನ್ನೂ ಕರಗಿರಲಿಲ್ಲ. ಮುನೇಶ್ವರನ ಗುಡಿಯೆದುರು ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು; ಸುತ್ತ ನಿಂತ ಊರಿನವರು ಕನಸಿನಲ್ಲಿ ಬಂದವರಂತೆ ಕಾಣುತ್ತಿದ್ದರು.

"ನನ್ ಮೇಕೆ ಕದ್ದಿಲ್ಲ ಅಂದ್ರೆ ಅಂಗೈಲಿ ಕರ್ಪೂರ ಆರ್ಸಿ ಆಣೆ ಮಾಡೇ. ಇಲ್ಲಾಂದ್ರೆ ಊರು ಬಿಡು," ಎಂದ ತಿಮ್ಮರಾಜು, ಎದುರು ನಿಂತಿದ್ದ ಮಾದಮ್ಮನಿಗೆ. ಸುಳ್ಳಾಣೆ ಮಾಡಿದರೆ ಕಣ್ಣು ಹೋಗುತ್ತದೆಂದು ಅಲ್ಲಿನವರ ನಂಬಿಕೆ. ಆರೋಪ ಹೊತ್ತವರೇ ಕರ್ಪೂರ ಆರಿಸುವುದು ಹಿಂದಿನಿಂದ ಬಂದ ರೂಢಿ.

ಮಾದಮ್ಮ ತಟ್ಟೆಯನ್ನೆತ್ತಿ ನಿಧಾನವಾಗಿ ಅವನ ಮುಂದೆಯೇ ಹಿಡಿದಳು. "ನಾನ್ ಕದ್ದೆ ಅಂದೋನು ನೀನು ಕಣಣ್ಣ. ಕಂಡಿದ್ರೆ ನೀನೇ ಆರ್ಸು."

"ಹೌದಲ್ಲಾ! ಯಾಕ್ಲಾ ತಿಮ್ಮ, ಕೈ ಸುಡ್ತದಾ?" ಎಂದ ಮುದುಕ ಚಿನ್ನಪ್ಪ.

ತಿಮ್ಮರಾಜುವಿನ ಕೈ ಏಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಕರ್ಪೂರ ತಾನಾಗಿಯೇ ಉರಿದು ಮುಗಿಯಿತು.

ಮಾದಮ್ಮ ಊರಲ್ಲೇ ಉಳಿದಳು. ಮಂಗಳವಾರ ಮೊದಲ ಬಸ್ಸಿಗೆ ಬಾಗಲೂರಿನ ಅಕ್ಕನ ಮನೆಗೆ ಹೊರಟುಹೋದವನು ತಿಮ್ಮರಾಜು.