ಕೇರಿಯ ಕೊನೆಯ ಓವನ್

ಮಧ್ಯಾಹ್ನ ಹನ್ನೆರಡಕ್ಕೆ ನೀಲವ್ವನ ಓವನ್ ನಿಂತುಹೋಯಿತು. ಪರದೆಯ ಮೇಲೆ ‘ರಿಲೇ ದೋಷ’ ಎಂದು ಬಂತು.

ಲೋಕದಲ್ಲಿ ಬೆಂಕಿ ಹೊತ್ತಿಕೊಳ್ಳದೆ ವರ್ಷಗಳೇ ಆಗಿದ್ದವು. ಕಡ್ಡಿ ಗೀರಿದರೆ ಕಿಡಿಯೂ ಹಾರುತ್ತಿರಲಿಲ್ಲ. ಬಿಸಿಲಿನ ಕರೆಂಟಿನಲ್ಲಿ ನಡೆಯುವ ಈ ಒಂದು ಓವನ್ನಿನಲ್ಲೇ ಇಡೀ ಕೇರಿ ನೀರು ಕುದಿಸಿಕೊಳ್ಳುತ್ತಿತ್ತು. ಹಸಿ ನೀರು ಕುಡಿದ ಕೂಸುಗಳು ಉಳಿಯುತ್ತಿರಲಿಲ್ಲ. ನೀಲವ್ವನ ಮೊಮ್ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ರಿಪೇರಿಯ ಮೌನೇಶ ಹಿಂಬದಿಯ ತಗಡು ಬಿಚ್ಚಿದ. ಕಾವು ಏರಿದಾಗ ಕರೆಂಟು ಕಡಿಯಬೇಕಾದ ರಿಲೇ ಅಂಟಿಕೊಂಡಿತ್ತು. ಅದರೊಳಗೆ ಕೆಂಪು ಹುಡಿ ಆವಿಗೆ ನೆನೆದು ಗಟ್ಟಿಯಾಗಿತ್ತು.

“ಇದೇನ್ ಚಿಗವ್ವಾ, ಒಳಗೆಲ್ಲಾ ಕುಂಕುಮ?”

“ಕೊಡ ತಂದಾವ್ರೆಲ್ಲಾ ಚಿಟಿಕಿ ಏರಿಸಿ ಕೈ ಮುಗೀತಾರಪ್ಪ. ಉಳದಿದ್ದು ಇದೊಂದ ದೇವ್ರು.”

“ದೇವ್ರಿಗೆ ಉಸುರು ಕಟ್ಟೇತಿ.”

“ಅದನ್ನ ಕಿತ್ತು ನೇರ ವೈರ್ ಹಚ್ಚು.”

“ಹಚ್ಚಬೋದಿತ್ತು. ಬಿಡದ ಕಾದು, ಬಿಸಿ ಮಾಡೋ ಕಾಯಿಲ್ ತಂತೀನೂ ತುಂಡಾಗೇತಿ. ಕಾಯಿಲ್ ಮಾಡೋ ಕುಲುಮಿ ಆರಿ ಎಷ್ಟ್ ಕಾಲ ಆತು, ನಿನಗ ಗೊತ್ತಲ್ಲ.”

ಮೌನೇಶ ತಗಡನ್ನು ಮತ್ತೆ ಕೂರಿಸಿ, ಒಂದೂ ಬಿಡದೆ ಎಲ್ಲ ತಿರುಪುಗಳನ್ನು ಬಿಗಿದ.

ಸರದಿಯಲ್ಲಿದ್ದ ಹೆಂಗಸರು ಒಬ್ಬೊಬ್ಬರೇ ಒಳಗೆ ಬಂದು, ಓವನ್ನಿಗೆ ಕುಂಕುಮ ಏರಿಸಿ, ಕುದಿಯದ ನೀರಿನ ಕೊಡಗಳನ್ನು ಎತ್ತಿಕೊಂಡು ಹೋದರು.

ಸಂಜೆ ಮೊಮ್ಮಗಳು ಬಾಯಾರಿ ಅತ್ತಳು. ನೀಲವ್ವ ಹಸಿ ನೀರನ್ನೇ ಕುಡಿಸಿದಳು.