ಮರದ ಹಾವೇ ಬೇಕು

ಫಯಾಜನ ಅಂಗಡಿಗೆ ಹಾವು ಕೊಳ್ಳಲು ಬರುವವರೆಲ್ಲ ಆಗತಾನೇ ಮೀಸೆ ಚಿಗುರಿದ ಹುಡುಗರು. ಹಾಗಾಗಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ಒಳಗೆ ಬಂದು, ಗಾಜಿನ ಪೆಟ್ಟಿಗೆಗಳಿಂದ ಮಾರು ದೂರ ನಿಂತು, "ಮರದ ಮೇಲಿರೋ ಹಾವು ಒಂದು ಕೊಡಪ್ಪ" ಎಂದಾಗ ಅವನಿಗೆ ನಗು ತಡೆಯುವುದೇ ಕಷ್ಟವಾಯಿತು.

"ಮುಂಚೆ ಹಾವು ಸಾಕಿದ್ದೀರಾ ಅಮ್ಮ?"

"ಹಲ್ಲಿ ಕಂಡ್ರೂ ಕಿರುಚ್ತೀನಿ."

"ಹಾಗಾದ್ರೆ ಈ ನೆಲದ ಹಾವು ತಗೊಳ್ಳಿ. ಬಲು ಸಾಧು. ಕೈಲಿ ಹಿಡಿದ್ರೂ ಸುಮ್ನಿರತ್ತೆ."

"ಬೇಡ, ಮರದ್ದೇ ಬೇಕು."

"ಅದು ಮುಟ್ಟಿಸ್ಕೊಳ್ಳಲ್ಲ, ಕಚ್ಚತ್ತೆ."

"ವಿಷ ಇದೆಯಾ?"

"ಇಲ್ಲ. ಆದ್ರೆ ದಿನಾ ನೀರು ಚಿಮುಕಿಸ್ಬೇಕು. ಇಲಿ ತಿನ್ನಿಸ್ಬೇಕು."

ಆಕೆ ಚೀಲವನ್ನು ಎದೆಗವಚಿಕೊಂಡರು. "ತಿನ್ನಿಸ್ತೀನಿ."

ವಾರ ತುಂಬುವುದರೊಳಗೆ ಹಾವನ್ನು ಹಿಂದಕ್ಕೆ ತಂದುಬಿಡುವ ಗಿರಾಕಿ ಇವರು ಎಂದು ಫಯಾಜನಿಗೆ ಖಾತ್ರಿಯಾಯಿತು. "ಹಗಲೆಲ್ಲ ಕೊಂಬೆಗೆ ಸುತ್ಕೊಂಡು ಮಲಗಿರತ್ತೆ ಅಷ್ಟೆ, ಆಟಗೀಟ ಏನೂ ಇಲ್ಲ. ಮೊದಲ್ನೇ ಸಲ ಸಾಕೋರಿಗೆ ನಾನಂತೂ ಕೊಡಲ್ಲಮ್ಮ. ನೆಲದ್ದರಲ್ಲಿ ಏನು ಕೊರತೆ, ಹೇಳಿ?"

ಆಕೆ ಚೀಲ ಕೆಳಗಿಟ್ಟು, ಹೆದರುತ್ತಲೇ ಪೆಟ್ಟಿಗೆಯ ಹತ್ತಿರ ಬಂದರು. ಒಳಗೆ ಎತ್ತರದ ಕೊಂಬೆಯ ಮೇಲೆ ಹಸಿರು ಹಾವು ಸುರುಳಿ ಸುತ್ತಿ ಮಲಗಿತ್ತು.

"ನಮ್ಮೆಜಮಾನ್ರು ಊರವರ ಮನೆಗೆ ಹೊಕ್ಕ ಹಾವನ್ನೆಲ್ಲ ಹಿಡಿದು ಕಾಡಿಗೆ ಬಿಡ್ತಿದ್ರು. ಹೋದ್ವರ್ಷ ಯಾರದೋ ಹೆಂಚಿನ ಮೇಲಿಂದ ಬಿದ್ದು ಬೆನ್ನುಮೂಳೆ ಮುರೀತು. ಈಗ ಅಂಗಾತ ಮಲಗಿರ್ತಾರೆ ಕಣಪ್ಪ, ಕತ್ತೂ ಹೊರಳಲ್ಲ. ಅವರ ಕಣ್ಣಿಗೆ ಕಾಣೋದು ಮೇಲಿರೋದು ಮಾತ್ರ."