ಬಂದವರ ಪಾಲಿನ ಗಾಳಿ

ಕಡಲಡಿಯ ಆ ದೇಶದಲ್ಲಿ ಉಸಿರಾಡುವ ಗಾಳಿಯನ್ನೂ ಕೊಳ್ಳಬೇಕು. ಆರು ತಿಂಗಳ ವೆಲ್ಡಿಂಗ್ ಕೆಲಸಕ್ಕೆ ಹೋಗಿದ್ದ ಸುವರ್ಣಾ ಸಂಬಳದ ದಿನ ಗಾಳಿಯಂಗಡಿಯ ಸಾಲಿನಲ್ಲಿ ನಿಂತು, ಪಕ್ಕದ ಕೋಣೆಯ ಕಾಶವ್ವನಿಂದ ವಾರದ ಖರ್ಚು ಹೊಂದಿಸುವುದನ್ನು ಕಲಿಯುತ್ತಿದ್ದಳು. ಕೆಲಸಕ್ಕಿಷ್ಟು, ನಿದ್ದೆಗಿಷ್ಟು, ನಗು ದುಬಾರಿ, ಅದನ್ನು ಹಬ್ಬಕ್ಕೆ ಎತ್ತಿಡಬೇಕು. ಕಾಶವ್ವ ಸಂಜೆಯ ಭಜನೆಯನ್ನೂ ಬಾಯಿಬಿಟ್ಟು ಹಾಡದೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಆದರೂ ಎಲ್ಲಕ್ಕಿಂತ ಮೊದಲು ಒಂದು ಸಣ್ಣ ಸಿಲಿಂಡರ್ ತುಂಬಿಸಿ ಬದಿಗಿಟ್ಟಳು.

“ಇದ್ಯಾರಿಗಕ್ಕಾ?”

“ಮನಿಗೆ ಬಂದವ್ರಿಗವ್ವ. ನಮ್ಮವ್ವ ಅನ್ನಕ್ಕ ಇಡೂಕಿಂತ ಮೊದ್ಲ ಒಂದ್ ಹಿಡಿ ಅಕ್ಕಿ ಬ್ಯಾರೆ ತಗದಿಡ್ತಿದ್ಲು.”

“ಈ ಊರಾಗ ಯಾರು ಯಾರ ಮನಿಗೆ ಬರ್ತಾರ? ಆ ಗಾಳ್ಯಾಗ ನೀ ಭಜನಿನಾರ ಹಾಡ್ಕೋಬಾರ್ದ?”

“ಬರ್ಲಿಕ್ಕಿಲ್ಲ. ಆದ್ರ ಅವ್ರ ಪಾಲು ನಾ ಹೆಂಗ ತಿನ್ಲಿ?”

ಈ ಜೀವವನ್ನು ದೇವರು ಎಷ್ಟು ಪುರುಸೊತ್ತಿನಲ್ಲಿ ಮಾಡಿರಬೇಕು ಎಂದುಕೊಂಡಳು ಸುವರ್ಣಾ.

ಅಂದು ಸಂಜೆ ತನ್ನ ಸಿಲಿಂಡರನ್ನು ಹೊರಗೇ ಬಿಟ್ಟು ಕಾಶವ್ವನ ಬಾಗಿಲು ತಟ್ಟಿದಳು. ಕಾಶವ್ವ ಗಡಬಡಿಸಿ ಚಾಪೆ ಹಾಸಿ, ಸಣ್ಣ ಸಿಲಿಂಡರಿನ ಬಾಯಿ ಬಿಚ್ಚಿ, “ಉಸ್ರಾಡವ್ವ, ಸಂಕೋಚ ಮಾಡ್ಕೋಬ್ಯಾಡ” ಎಂದಳು.

“ಇದು ನನ್ನ ಪಾಲು, ಹೌದಲ್ಲ?”

“ನಿಂದೇ ಮತ್ತ.”

“ಹಂಗಾರ ಇದ್ರಾಗ ನೀ ಒಂದ್ ಭಜನಿ ಹಾಡಕ್ಕಾ. ನಾ ಸುಮ್ಕ ಕುಂತು ಕೇಳ್ತೀನಿ.”

ಕಾಶವ್ವ ಸೆರಗು ಹೊದ್ದುಕೊಂಡು, ಎಷ್ಟೋ ತಿಂಗಳ ಮೇಲೆ ಗಂಟಲು ಸರಿಮಾಡಿಕೊಂಡಳು.